ಘಾಟು ಮಂಡ್ಯದಲ್ಲಿ, ಸಾರು ಸ್ಟುಟ್‌ಗಾರ್ಟಲ್ಲಿ: ಒಂದು ಖಾರದ ಮಿಲ್ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಮಿಲ್ ಹೆಸ್ರು ಕೇಳ್ಬೇಡಿ. ಒಂದು, ಬೋರ್ಡ್ ಮೇಲೆ ಹಿಟ್ಟಿನ ಗಿರಣಿ ಅಂತ ಬಿಟ್ರೆ ಬೇರೇನೂ ಬರ್ದಿಲ್ಲ. ಎರಡು, ನಾನು ನೆಟ್ಟಲ್ಲಿ ಒಂದು ರಿವ್ಯೂ ಹಾಕ್ತೀನಿ ಅಂದಿದ್ದಕ್ಕೆ ಯಜಮಾನ್ರು "ಬ್ಯಾಡಿ ಸಾ, ಬೇಸ್ಗೆ ಬಂದ್ರೆ ಈಗ್ಲೇ ಉಸ್ರಾಡಕ್ಕೆ ಪುರ್ಸೊತ್ತಿಲ್ಲ" ಅಂದ್ಬಿಟ್ರು. ಮಂಡ್ಯದ ಪೇಟೆ ಬೀದಿಯಿಂದ ಒಳಕ್ಕೆ ತಿರುಗಿ ಖಾರದ ಮಿಲ್ ಎಲ್ಲಿ ಅಂತ ಯಾರನ್ನಾದ್ರೂ ಕೇಳಿ ತೋರಿಸ್ತಾರೆ, ತೋರಿಸ್ದಿದ್ರೂ ಪರ್ವಾಗಿಲ್ಲ, ಮೂಗೇ ಕರ್ಕೊಂಡು ಹೋಗತ್ತೆ.

ನಾನು ಜರ್ಮನಿ ಸ್ಟುಟ್‌ಗಾರ್ಟಲ್ಲಿ ಇರೋದು, ಒಂಬತ್ತು ವರ್ಷ ಆಯ್ತು. ಮನೇಲಿ ಅಡುಗೆ ಡಿಪಾರ್ಟ್‌ಮೆಂಟ್ ನಂದೇ. ನಮ್ಮನೇವ್ರು ಉಡುಪಿ ಕಡೆಯವ್ರು, ಅವ್ರು ಅಡುಗೆ ಮಾಡಿದ್ರೆ ಸಾರಿಗೆ ಬೆಲ್ಲ ಬೀಳತ್ತೆ ಅದ್ಕೆ ನಾನೇ ಸೌಟು ಹಿಡ್ಕೊಂಡೆ, ಇದನ್ನ ಅವ್ರು ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ. ಅಲ್ಲಿ ಸಾಮಾನಿಗೇನೂ ಬರ ಇಲ್ಲ. ತೊಗರಿಬೇಳೆ ಸಿಗತ್ತೆ, ಸೋನಾಮಸೂರಿ ಸಿಗತ್ತೆ, ಹುಣಸೆಹಣ್ಣು ಥಾಯ್ ಅಂಗಡೀಲಿ ಸಿಗತ್ತೆ, ತುರಿದ ಕಾಯಿ ಫ್ರೀಜರಲ್ಲಿ ಕಲ್ಲಾಗಿ ಕೂತಿರತ್ತೆ. ಸಿಗದೇ ಇರೋದು ಅಂದ್ರೆ ನಮ್ಮನೆ ಖಾರದ ಪುಡಿ. ಪ್ಯಾಕೆಟ್ ಸಾಂಬಾರ್ ಪುಡಿ ಹಾಕಿದ್ರೆ ಸಾರೇನೋ ಆಗತ್ತೆ, ಆದ್ರೆ ಸೋಮವಾರದ ಸಾರು, ಗುರುವಾರದ ಸಾರು, ಬೇಳೆ ಸಾರು, ಹುರುಳಿ ಸಾರು ಎಲ್ಲಾ ಒಂದೇ ತಾಯಿ ಮಕ್ಳ ಥರ ಇರತ್ತೆ. ಎರಡು ವರ್ಷ ಹಂಗೇ ಉಂಡ್ವಿ. ಆಮೇಲೆ ನಾನೇ ಹುರ್ದು ಪುಡಿ ಮಾಡ್ತೀನಿ ಅಂತ ಎದ್ದೆ.

ಆ ಕಥೆ ಕೇಳಿ. ಜನವರಿ, ಹೊರ್ಗಡೆ ಮೈನಸ್ ನಾಕು. ನಮ್ಮದು ಓಪನ್ ಕಿಚನ್ನು, ಅಂದ್ರೆ ಅಡುಗೆಮನೆಗೂ ಹಾಲ್‌ಗೂ ಮಧ್ಯೆ ಗೋಡೆ ಇಲ್ಲ. ಒಲೆ ಮೇಲೆ ಒಂದು ಹುಡ್ ಇದೆ, ಅದು ಗಾಳಿನ ಹೊರಕ್ಕೆ ಬಿಡಲ್ಲ, ಇದ್ದಿಲಿನ ಫಿಲ್ಟರಲ್ಲಿ ಹಾಯಿಸಿ ವಾಪಸ್ ನಮ್ಮ ಮುಖಕ್ಕೇ ಊದತ್ತೆ. ಧನಿಯಾ ಹುರಿಯೋವರ್ಗೂ ಮನೆ ತುಂಬ ಘಮಘಮ, ಇಷ್ಟೇನಾ ಇದು ಅನ್ನಿಸ್ತು. ಮೆಣಸಿನಕಾಯಿ ಬಾಣಲೆಗೆ ಬಿದ್ದು ಒಂದು ನಿಮಿಷ ಆಗಿಲ್ಲ, ಮೊದ್ಲು ಮಗಳು ಕೆಮ್ಮಿದ್ಲು, ಆಮೇಲೆ ನಾನು, ಆಮೇಲೆ ಸೀಲಿಂಗಲ್ಲಿದ್ದ ಅಲಾರಂ. ಅಲ್ಲಿ ಮಲಗೋ ರೂಮು, ಪ್ಯಾಸೇಜಲ್ಲೆಲ್ಲ ಹೊಗೆ ಅಲಾರಂ ಇರ್ಲೇಬೇಕು ಅಂತ ಕಾನೂನೇ ಇದೆ, ಒಂದು ಕೂಗಿದ್ರೆ ಆನೆ ಘೀಳಿಟ್ಟಂಗೆ ಇರತ್ತೆ. ಕಿಟಕಿ ಎಲ್ಲಾ ತೆಗ್ದು, ಸ್ಟೂಲ್ ಹತ್ತಿ ಟವೆಲಲ್ಲಿ ಗಾಳಿ ಬೀಸ್ತಾ ಇದೀನಿ, ಕೆಳಗಿನ ಮನೆ ಅಜ್ಜಿ ಚಪ್ಲೀಲೇ ಮೇಲಕ್ಕೆ ಬಂದು ಬಾಗ್ಲಲ್ಲಿ ನಿಂತ್ಕೊಂಡು ಕಣ್ಣೊರೆಸ್ಕೊಂಡು ಏನು ಸುಡ್ತಾ ಇದೀರಾ ಅಂದ್ರು. ಊಟದ ಸಾಮಾನು ಅಂದೆ. ನಂಬ್ಲಿಲ್ಲ. ಬಾಣಲೆ ತೋರಿಸ್ದೆ, ಆಗ್ಲೂ ನಂಬ್ಲಿಲ್ಲ. ಅದೂ ಭಾನುವಾರ ಬೇರೆ, ಆವತ್ತು ಅಲ್ಲಿ ಸದ್ದು ಗದ್ಲ ಮಾಡಂಗಿಲ್ಲ, ಹುರ್ದಿದ್ದನ್ನ ಮಿಕ್ಸೀಲಿ ಹಾಕೋ ಧೈರ್ಯ ಬರ್ದೆ ಸೋಮವಾರ ಆಫೀಸಿಂದ ಬಂದು ರುಬ್ದೆ. ತರಿತರಿ ಆಯ್ತು. ಸಾರಲ್ಲಿ ಧನಿಯಾ ಸಿಪ್ಪೆ ಹಲ್ಲಿಗೆ ಸಿಕ್ತಾ ಇತ್ತು.

ಅವತ್ತೇ ಅಮ್ಮಂಗೆ ಫೋನ್ ಮಾಡಿ ಮುಂದಿನ ಸಲ ಬಂದಾಗ ವರ್ಷಕ್ಕಾಗೋಷ್ಟು ಮಿಲ್ಲಲ್ಲಿ ಹಾಕಿಸ್ಬಿಡೋಣ ಅಂದೆ. ಹಂಗಾಗಿ ಈ ಮಿಲ್ಗೂ ನಂಗೂ ಈಗ ಆರು ವರ್ಷದ ನಂಟು, ನಡುವೆ ಕೊರೊನಾ ಟೈಮಲ್ಲಿ ಒಂದು ವರ್ಷ ತಪ್ತು ಅಷ್ಟೇ.

ಇಲ್ಲಿ ಎರಡು ಥರ ಮಾಡ್ಸ್‌ಬಹುದು. ನೀವೇ ಹುರ್ದು ತಂದು ಬರೀ ಪುಡಿ ಮಾಡಿಸ್ಕೊಂಡು ಹೋಗೋದು, ಇಲ್ಲಾ ಸಾಮಾನು ತಂದು ಕೊಟ್ರೆ ಅವ್ರೇ ಹಿತ್ತಲಲ್ಲಿ ಹುರ್ದು ಪುಡಿ ಮಾಡಿ ಕೊಡ್ತಾರೆ. ನಾನು ಎರಡ್ನೇದು. ನಮ್ಮ ಲೆಕ್ಕ ಇಷ್ಟು: ಬ್ಯಾಡಗಿ ಒಂದು ಕೆಜಿ, ಗುಂಟೂರು ಕಾಲು ಕೆಜಿ, ಧನಿಯಾ ಒಂದೂವರೆ, ಜೀರಿಗೆ 150 ಗ್ರಾಂ, ಮೆಣಸು 100, ಮೆಂತ್ಯ 50, ಸಾಸಿವೆ 50, ಅರಿಶಿನದ ಕೊಂಬು ಒಂದ್ನಾಕು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ, ಇದು ಉಲ್ಟಾ ಆದ್ರೆ ಸಾರು ಕೆಂಪಗಿರಲ್ಲ ಕಣ್ಣು ಕೆಂಪಗಿರತ್ತೆ. ಮೆಣಸಿನಕಾಯಿ ಎರಡು ದಿನ ತಾರಸಿ ಮೇಲೆ ಒಣಗಿರ್ಬೇಕು, ಬಗ್ಗಿಸಿದ್ರೆ ಲಟಕ್ ಅನ್ಬೇಕು. ಹಂಗಿಲ್ದಿದ್ರೆ ಅಲ್ಲಿ ಹುರಿಯೋ ಯಮ್ಮ ವಾಪಸ್ ಕಳಿಸ್ತಾರೆ, ನಾನು ಒಂದು ಸಲ ಟೈಮಿಲ್ಲ ಅಂತ ಹಂಗೇ ತಗೊಂಡು ಹೋದ್ರೆ ಅವ್ರು ಒಂದು ಕಾಯಿನ ಮುಟ್ಟಿ ನೋಡಿ "ಇದು ಇನ್ನೂ ಬಗ್ತದೆ, ನಾಳಿಕ್ ಬನ್ನಿ" ಅಂದ್ರು. ಆವಾಗ ಸಿಟ್ಟು ಬಂತು. ಈಗ ಅದಕ್ಕೇ ಒಂದು ಸ್ಟಾರ್ ಎಕ್ಸ್‌ಟ್ರಾ ಕೊಡ್ತೀನಿ, ಯಾಕಂದ್ರೆ ತೇವ ಇರೋ ಮೆಣಸಿನಕಾಯಿ ಪುಡಿ ಮಾಡಿಸ್ಕೊಂಡು ಹೋಗಿದ್ರೆ ಮೂರು ತಿಂಗ್ಳಿಗೆ ಗಂಟು ಕಟ್ಟಿ ಬೂಸಲು ಬಂದಿರೋದು.

ಹುರಿಯೋದು ನೋಡೋಕೆ ನಿಂತ್ಕೊಬೇಕು ಅಂದ್ರೆ ಗಟ್ಟಿ ಗುಂಡಿಗೆ ಬೇಕು. ದೊಡ್ಡ ಕಬ್ಬಿಣದ ಬಾಣಲೆ, ಕೆಳಗೆ ಸೌದೆ. ಮೆಂತ್ಯ ಕೆಂಪಗಾಗೋಕೆ ಸ್ವಲ್ಪ ಮುಂಚೆ ತೆಗೀತಾರೆ, ಇಳಿಸಿದ ಮೇಲೂ ಅದರ ಬಿಸೀಲೇ ಅದು ಹುರಿಯತ್ತಂತೆ, ಕರ್ರಗಾಗೋವರ್ಗೂ ಬಿಟ್ರೆ ಪುಡಿ ಪೂರ್ತಿ ಕಹಿ. ಮೆಣಸಿನಕಾಯಿ ಕೊನೇಗೆ, ಒಂದು ಚಮಚ ಹರಳೆಣ್ಣೆ ಕೈಗೆ ಸವರ್ಕೊಂಡು ಅದನ್ನ ಕಾಯಿಗೆಲ್ಲ ಮುಟ್ಟಿಸಿ ಆಮೇಲೆ ಬಾಣಲೆಗೆ, ಘಾಟು ಕಮ್ಮಿ ಆಗತ್ತೆ ಅಂತಾರೆ. ಕಮ್ಮಿ ಆದ್ಮೇಲೂ ಅಷ್ಟಿದೆ ಅಂದ್ರೆ ಆಗ್ದಿದ್ರೆ ಹೆಂಗಿರ್ಬೇಡ. ಬಾಯಿಗೆ ಸೆರಗು ಸುತ್ಕೊಂಡು ಆ ಯಮ್ಮ ದಿನಾ ಎಷ್ಟು ಮನೆಯೋರ ಘಾಟು ಕುಡೀತಾರೋ. ನಾನು ಬಾಗ್ಲಾಚೆ ನಿಂತು ಹದಿನೈದು ಸೀನು ಸೀನಿ, ಬೀದಿ ದಾಟಿ ಟೀ ಕುಡಿಯಕ್ಕೆ ಹೋದೆ. ಸ್ಟುಟ್‌ಗಾರ್ಟಲ್ಲಿ ಅಲಾರಂ ಕೂಗದೆ ಸಾರು ಕುದಿಯೋದು ಯಾರ ಪುಣ್ಯ ಅಂತ ಅವತ್ತು ಗೊತ್ತಾಯ್ತು.

ಪುಡಿ ಮಾಡೋ ಮಿಷನ್ ಹಳೇದು, ಬೆಲ್ಟ್ ಓಡೋ ಸದ್ದಿಗೆ ಮಾತೇ ಕೇಳಲ್ಲ. ಬಾಯಿಗೆ ಉದ್ದ ಬಟ್ಟೆ ಚೀಲ ಕಟ್ಟಿರ್ತಾರೆ, ಲಂಗದ ಥರ, ಅದು ಮೊದ್ಲು ಬಿಳೀದಿತ್ತೋ ಏನೋ ಈಗ ಇಟ್ಟಿಗೆ ಬಣ್ಣ. ಮೇಲಿಂದ ಯಜಮಾನ್ರು ಹಿಡಿ ಹಿಡಿ ಬಿಡ್ತಾರೆ, ಕೆಳಗೆ ಹುಡುಗ ಕೋಲಲ್ಲಿ ಬಟ್ಟೆಗೆ ತಟ್ತಾ ಇರ್ತಾನೆ, ಪುಡಿ ಡಬ್ಬಕ್ಕೆ ಇಳಿಯತ್ತೆ. ಒಂದ್ಸಲ ಆದ್ಮೇಲೆ ಜರಡಿ ಹಿಡ್ದು ಉಳಿದ ತರಿ ಮತ್ತೆ ಮಿಷನ್‌ಗೆ. ಆಗ ಪುಡಿ ಮುಟ್ಟಿದ್ರೆ ಕೈ ಬೆಚ್ಚಗಾಗತ್ತೆ. ಇಲ್ಲೇ ನೋಡಿ ವಿಷ್ಯ ಇರೋದು, ಬೇರೆ ಕಡೆ ಆ ಬಿಸಿ ಪುಡೀನೇ ಕವರಿಗೆ ತುಂಬಿ ಕೈಗೆ ಕೊಟ್ಬಿಡ್ತಾರೆ, ಒಳಗೆ ಬೆವರು ಕಟ್ಟತ್ತೆ, ಘಮ ಅಲ್ಲೇ ಸತ್ತೋಗತ್ತೆ. ಇವ್ರು ನ್ಯೂಸ್‌ಪೇಪರ್ ಮೇಲೆ ಬಿಳಿ ಬಟ್ಟೆ ಹಾಸಿ ತೆಳ್ಳಗೆ ಹರಡಿ ಒಂದು ಗಂಟೆ ಆರೋಕೆ ಬಿಡ್ತಾರೆ, ಅರ್ಜೆಂಟ್ ಅಂದ್ರೂ ಕೊಡಲ್ಲ. ಟೀ ಮುಗಿಸ್ಕೊಂಡು ಬಂದು, ಇನ್ನೊಂದು ಟೀ ಕುಡ್ದು, ಫೋನಲ್ಲಿ ಚಾರ್ಜ್ ಎಲ್ಲಾ ಖಾಲಿ ಮಾಡ್ಕೊಂಡು ಕಾದಿದೀನಿ.

ಮೊದಲನೇ ವರ್ಷ ನಾನು ವಿದೇಶಕ್ಕೆ ತಗೊಂಡು ಹೋಗೋದು ಅಂದಿದ್ದಕ್ಕೆ ಆ ಯಮ್ಮ ಕೇಳಿದ್ದು ಯಾವ ದೇಶ ಅಂತ ಅಲ್ಲ. ಎಷ್ಟು ತಿಂಗ್ಳು ಇಡ್ತೀರಿ ಅಂತ. ಒಂದು ವರ್ಷ ಅಂದೆ. ಹಂಗಾದ್ರೆ ಕಡ್ಲೆಬೇಳೆ, ಕೊಬ್ಬರಿ ಹಾಕ್‌ಬ್ಯಾಡಿ, ಕೊಬ್ಬರಿ ಎಣ್ಣೆ ಬಿಟ್ಟು ಕಮಟು ಬತ್ತದೆ, ಬೇಕಾದಾಗ ಅಲ್ಲೇ ಕಾಯಿ ರುಬ್ಕೊಂಡು ಹಾಕ್ಕೊಳ್ಳಿ ಅಂದ್ರು. ಕರಿಬೇವು ನೆರಳಲ್ಲಿ ಒಣಗಿಸಿ ಇದ್ರಲ್ಲೇ ಸೇರಿಸ್ಬಿಡಿ ಅಂತಾನೂ ಅವ್ರೇ ಹೇಳಿದ್ದು. ಅದು ಎಂಥಾ ಉಪಕಾರ ಅಂತ ಹೊರ್ಗಡೆ ಇರೋರಿಗೇ ಗೊತ್ತು. ಯುರೋಪಿಗೆ ಹಸಿ ಸೊಪ್ಪು, ತರಕಾರಿ, ಹಣ್ಣು ತಗೊಂಡು ಹೋಗೋಕೆ 2019ರ ಡಿಸೆಂಬರಿಂದ ಗಿಡದ ಆರೋಗ್ಯದ ಸರ್ಟಿಫಿಕೇಟ್ ಬೇಕು, ಅದಿಲ್ದೆ ಬಿಡೋದು ಐದೇ ಐದು ಹಣ್ಣು: ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಆಮೇಲೆ ಆ ನಾರೋ ಡುರಿಯನ್. ಅಂದ್ರೆ ನಂಜನಗೂಡು ರಸಬಾಳೆ ಕಾನೂನು ಪ್ರಕಾರ ಹೋಗ್ಬಹುದು, ಸೂಟ್‌ಕೇಸಲ್ಲಿ ಪಾಯಸ ಆಗಿ ಇಳಿಯತ್ತೆ ಅದು ಬೇರೆ ಮಾತು, ನಮ್ಮ ಹಿತ್ತಲ ಕರಿಬೇವು ಮಾತ್ರ ಹೋಗಂಗಿಲ್ಲ. ಪುಡಿ ಒಳಗೆ ಸೇರಿದ್ರೆ ಸಮಸ್ಯೆನೇ ಇಲ್ಲ.

ಈಗ ರಿಸಲ್ಟು. ಬಸ್ಸಾರು ಮಾಡಿ ನೋಡಿದ್ರೇನೇ ಪುಡಿ ಯೋಗ್ಯತೆ ಗೊತ್ತಾಗೋದು, ಯಾಕಂದ್ರೆ ಅದ್ರಲ್ಲಿ ಬೇಳೆ ಹಿಂದೆ ಬಚ್ಚಿಟ್ಕೊಳ್ಳೋಕೆ ಆಗಲ್ಲ, ಬಸಿದ ನೀರು, ಹುಣಸೆ, ಖಾರ ಅಷ್ಟೇ. ಅಲ್ಲಿ ಬೆರಕೆ ಸೊಪ್ಪು ಎಲ್ಲಿಂದ ಬರ್ಬೇಕು ಅಂತೀರಾ, ಸ್ವಲ್ಪ ಅಲೀಬೇಕು ಅಷ್ಟೇ. ದಂಟಿನ ಬದ್ಲು ಮಾಂಗೋಲ್ಡ್ ಅಂತ ಒಂದು ದಪ್ಪ ದಂಟಿನ ಸೊಪ್ಪಿದೆ. ಸಬ್ಬಸಿಗೆ ಯಾವ ಸೂಪರ್‌ಮಾರ್ಕೆಟಲ್ಲಾದ್ರೂ ಇರತ್ತೆ, ಅವ್ರು ಮೀನಿಗೆ, ಸೌತೆಕಾಯಿ ಸಲಾಡಿಗೆ ಹಾಕ್ತಾರೆ, ಎರಡು ಎಸಳು ಹಾಕಕ್ಕೆ ತಗೋತಾರೆ, ನಾನು ಐದು ಕಟ್ಟು ಬುಟ್ಟಿಗೆ ಹಾಕ್ಕೊಂಡ್ರೆ ಕ್ಯಾಶ್ ಕೌಂಟರಲ್ಲಿ ನೋಡ್ತಾರೆ. ಟರ್ಕಿಯವ್ರ ಅಂಗಡೀಲಿ ಸೆಮಿಜ್ ಒಟು ಅಂತ ಒಂದು ಸೊಪ್ಪು ಬೇಸಿಗೇಲಿ ಬರತ್ತೆ, ಮೊದಲ ಸಲ ನೋಡ್ದಾಗ ನಿಂತ ಕಡೇಲೇ ನಗು ಬಂತು, ಅದು ನಮ್ಮ ದೊಡ್ಡಗೋಣಿ ಸೊಪ್ಪು ಕಂಡ್ರಿ, ಗದ್ದೆ ಬದೀಲಿ ಕಿತ್ತು ದನಕ್ಕೆ ಹಾಕ್ತಿದ್ವಲ್ಲ ಅದೇ. ಅವ್ರು ಮೊಸರಲ್ಲಿ ಕಲಸ್ಕೊಂಡು ತಿಂತಾರೆ. ಅವರೆಕಾಳಿಗೆ ಇಂಡಿಯನ್ ಅಂಗಡಿ ಫ್ರೀಜರಲ್ಲಿ ಸೂರ್ತಿ ಪಾಪಡಿ ಲೀಲ್ವಾ ಅಂತ ಗುಜರಾತಿ ಹೆಸ್ರಿನ ಪ್ಯಾಕೆಟ್ ಹುಡುಕಿ, ಅದು ಅವರೆ ಜಾತೀನೇ. ಸೊನೆ ವಾಸನೆ ಇರಲ್ಲ, ಹಿತುಕೋಕೆ ಆಗಲ್ಲ, ಆದ್ರೂ ನವೆಂಬರ್ ಚಳೀಲಿ ದೇವರಿದ್ದಂಗೆ.

ಇಷ್ಟೆಲ್ಲಾ ಸೇರ್ಸಿ ಬಸ್ದು, ಬೆಳ್ಳುಳ್ಳಿ ಈರುಳ್ಳಿ ಸುಟ್ಕೊಂಡು, ಎರಡು ಚಮಚ ಈ ಪುಡಿ, ಒಂದು ಹಿಡಿ ಬೆಂದ ಕಾಳು, ಕಾಯಿ ಹಾಕಿ ರುಬ್ಬಿ ಕುದಿಸಿದ್ರೆ, ಸಾರು ಮೇಲೆ ಕೆಂಪಗೆ ಒಂದು ಪದರ ಎದ್ದು ಬರತ್ತಲ್ಲ, ಆಗ ಬರೋ ವಾಸನೆಗೆ ಸಾರು ಮೂತಿಗೆ ತಗುಲೋಷ್ಟು ಬಗ್ಗಿ ನಿಂತಿರ್ತೀನಿ. ಪುಡಿ ನುಣ್ಣಗಿದೆ, ತಳದಲ್ಲಿ ಕೂರಲ್ಲ. ಖಾರ ಗಂಟಲಲ್ಲಿ ಹಿಡಿಯಲ್ಲ, ಎರಡ್ನೇ ತುತ್ತಿಗೆ ನೆತ್ತಿಗೆ ಬರತ್ತೆ. ಹನ್ನೊಂದನೇ ತಿಂಗಳಲ್ಲೂ ಬಣ್ಣ ಸ್ವಲ್ಪ ಮಂಕಾಗತ್ತೆ ಬಿಟ್ರೆ ಘಮ ಮುಕ್ಕಾಲು ಭಾಗ ಹಂಗೇ ಇರತ್ತೆ, ಫ್ರೀಜರಲ್ಲಿ ಇಟ್ಟು ತಿಂಗಳಿಗೊಂದು ಪ್ಯಾಕೆಟ್ ಹೊರಗೆ ತೆಗೆಯೋದು ನಾನು.

ಇನ್ನು ಬೈಯೋ ಭಾಗ. ಹೋದ ವರ್ಷ ರಾಗಿನೂ ಇಲ್ಲೇ ಹಾಕ್ಸಿದ್ದೆ. ಸಾಮಾನ್ಯ ರಾಗಿ ಹಿಟ್ಟು ನಾನು ಊರಿಂದ ಹೊರಲ್ಲ, 23 ಕೆಜಿ ಲಗೇಜಲ್ಲಿ ಹಿಟ್ಟು ಹೊತ್ರೆ ಬೇರೇನು ಹೊರೋದು. ಅಲ್ಲಿ ನಮ್ಮನೆ ಹತ್ರ ಒಂದು ಆಫ್ರಿಕನ್ ಅಂಗಡಿ ಇದೆ, ಕೀನ್ಯಾದ ಅಣ್ಣ ಒಬ್ರು ನಡೆಸೋದು, ಅವ್ರ ಹತ್ರ ವಿಂಬಿ ಅಂತ ಸ್ವಾಹಿಲಿ ಹೆಸ್ರಲ್ಲಿ ರಾಗಿ ಹಿಟ್ಟು ಸಿಗತ್ತೆ. ಇದರಲ್ಲಿ ನಮ್ಮೂರಲ್ಲೂ ಹಿಟ್ಟಿನ ಮುದ್ದೆ ಮಾಡ್ತೀವಿ ಅಂದಿದ್ದಕ್ಕೆ ಆಯಪ್ಪ ನಂಬ್ಲಿಲ್ಲ, ನಾವು ಗಂಜಿ ಮಾಡ್ಕೊಂಡು ಕುಡೀತೀವಿ, ಇಂಡಿಯಾದೋರಿಗೆ ಇದು ಹೆಂಗೆ ಗೊತ್ತು ಅಂತಾರೆ. ನಾನು ಬಿಡ್ತೀನಾ, ರಾಗಿ ಮೂಲ ನಿಮ್ಮ ಕಡೆಯದೇ, ಆದ್ರೆ ನಮ್ಮ ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯ ಅಂತ ವಿಜ್ಞಾನಿ ನಮ್ಮ ರಾಗಿಗೂ ನಿಮ್ಮ ರಾಗಿಗೂ ಮದ್ವೆ ಮಾಡ್ಸಿ ಇಂಡಾಫ್ ಅಂತ ತಳಿ ತಂದ್ರು, ಇಂಡಿಯಾ ಪ್ಲಸ್ ಆಫ್ರಿಕಾ, ಹೊಲದಲ್ಲಿ ಇಳುವರಿ ಎತ್ಕೊಂಡಿದ್ದು ಅದ್ರಿಂದ, ಅವ್ರನ್ನ ರಾಗಿ ಲಕ್ಷ್ಮಣಯ್ಯ ಅಂತಾನೇ ಕರೆಯೋದು ಅಂತ ಒಂದು ಭಾಷಣ ಕೊಟ್ಟೆ. ಆವತ್ತಿಂದ ಬೀಗರ ಥರ ಮಾತಾಡಿಸ್ತಾರೆ. ಅವ್ರ ಹಿಟ್ಟು ಸ್ವಲ್ಪ ತರಿ, ಜರಡಿ ಹಿಡೀಬೇಕು. ಗಾಜಿನ ಒಲೆ ಮೇಲೆ ಪಾತ್ರೆ ಜಾರತ್ತೆ, ಕವೆಗೋಲು ಇಡೋಕೆ ನೆಲದ ಒಲೆ ಇಲ್ಲ, ಅದ್ಕೆ ಪಾತ್ರೆ ಕೆಳಗಿಳಿಸಿ ಒದ್ದೆ ಬಟ್ಟೆ ಮೇಲಿಟ್ಟು ಎರಡು ಪಾದದ ಮಧ್ಯೆ ಒತ್ತಿ ಹಿಡ್ಕೊಂಡು ತೊಳಸ್ತೀನಿ. ನೋಡೋಕೆ ಮರ್ಯಾದೆ ಇರಲ್ಲ, ಮುದ್ದೆ ಗಂಟಿಲ್ದೆ ಬರತ್ತೆ.

ಸರಿ, ಹೋದ ವರ್ಷ ಮಗಳಿಗೆ ಗಂಜಿಗೆ ಅಂತ ಮೊಳಕೆ ಕಟ್ಟಿದ ರಾಗಿ ಎರಡು ಕೆಜಿ ಮಾತ್ರ ಇಲ್ಲಿ ಹಾಕ್ಸಿ ಒಯ್ದೆ. ಅಮ್ಮ ನೆನೆಹಾಕಿ, ಬಟ್ಟೇಲಿ ಕಟ್ಟಿ, ನೆರಳಲ್ಲಿ ಒಣಗಿಸಿ, ನಾಕು ದಿನದ ಕೆಲ್ಸ. ಮಿಲ್ಲಲ್ಲಿ ರಾಗಿಗೆ ಬೇರೆ ಮಿಷನ್ನೇ ಇದೆ, ಆದ್ರೆ ಅವತ್ತು ಹೊಸ ಹುಡುಗ ಖಾರ ತೋಡಿದ ಮೊರದಲ್ಲೇ ರಾಗಿ ಹಿಟ್ಟು ತೋಡಿ ತುಂಬಿದಾನೆ. ಅಲ್ಲಿ ಹೋಗಿ ಹಾಲು ಬೆಲ್ಲ ಹಾಕಿ ಗಂಜಿ ಮಾಡಿ ಕೊಟ್ರೆ ಮಗು ಒಂದು ಚಮಚ ಕುಡ್ದು ಬಾಯಿ ತೆಕ್ಕೊಂಡು ನನ್ನನ್ನೇ ನೋಡ್ತಾ ಕೂತ್ಲು, ಆಮೇಲೆ ಶುರು ಆಯ್ತು ನೋಡಿ. ಎರಡು ಕೆಜಿ ಹಿಟ್ಟೂ ನಾನೇ ಖಾರದ ರಾಗಿ ರೊಟ್ಟಿ ಮಾಡ್ಕೊಂಡು ತಿಂದು ಮುಗಿಸ್ದೆ. ಅಮ್ಮನ ಕೈಲಿ ಕಂಪ್ಲೇಂಟ್ ಹೇಳ್ಸಿದೆ, ಯಜಮಾನ್ರು ಪಾಪ ಬೇಜಾರು ಮಾಡ್ಕೊಂಡು "ತಂದ್‌ಕೊಡಕ್ ಹೇಳಿ, ಬೇರೆ ಹಾಕ್ಕೊಡ್ತೀವಿ" ಅಂದ್ರಂತೆ. ಸ್ಟುಟ್‌ಗಾರ್ಟಿಂದ ತಂದ್ಕೊಡ್ಬೇಕು. ಈ ವರ್ಷ ಹೋದಾಗ ಅವ್ರೇ ಜ್ಞಾಪಕ ಇಟ್ಕೊಂಡು ದುಡ್ಡು ತಗೊಳ್ದೆ ರಾಗಿ ಹಾಕ್ಕೊಟ್ರು, ಮೊರಕ್ಕೆ ಬಣ್ಣದ ದಾರ ಕಟ್ಟಿದಾರೆ ಈಗ, ರಾಗೀದು ಹಸಿರು, ಖಾರದ್ದು ಕೆಂಪು. ಆದ್ರೂ ಮಕ್ಕಳ ಹಿಟ್ಟು ಹಾಕ್ಸೋರು ಬೆಳಗ್ಗೆ ಬಾಗ್ಲು ತೆಗೀತಿದ್ದಂಗೆ ಹೋಗಿ, ಖಾರದ ಕೆಲಸ ಶುರು ಆಗೋಕೆ ಮುಂಚೆ.

ಇನ್ನೊಂದು ತಕರಾರು ಪ್ಯಾಕಿಂಗ್ದು. ತೆಳ್ಳನೆ ಕವರು, ಮೇಣದಬತ್ತೀಲಿ ಸುಟ್ಟು ಅಂಟಿಸೋದು. ಮೊದಲ ವರ್ಷ ಒಂದು ಕವರ್ ಬಾಯಿ ಬಿಟ್ಟು ನಮ್ಮನೇವ್ರ ರೇಷ್ಮೆ ಸೀರೆಗೆ ಓಕುಳಿ ಆಗಿತ್ತು, ಆ ಸೀರೆ ಈಗ್ಲೂ ಮುಟ್ಟಿದ್ರೆ ಸೀನು ಬರತ್ತೆ. ವ್ಯಾಕ್ಯೂಮ್ ಮಿಷನ್ ತಗೊಳಿ, ಮಗ ಅಮೆರಿಕಾದಲ್ಲಿರೋರು ಪ್ರತಿ ಬೀದೀಲಿ ಇದಾರೆ ದುಡ್ಡು ಕೊಡ್ತಾರೆ ಅಂತ ನಾಕು ವರ್ಷದಿಂದ ಹೇಳ್ತಿದೀನಿ, ನೋಡನ ಅಂತಾರೆ. ಲೇಬಲ್ಲೂ ಇರಲ್ಲ. ಕೆಂಪು ಪುಡಿ, ಕಂದು ಪುಡಿ, ಹೆಸರಿಲ್ದ ಪ್ಯಾಕೆಟ್ಟು ಸೂಟ್‌ಕೇಸಲ್ಲಿ ಎಂಟು ಹತ್ತು ಇದ್ರೆ ಕಸ್ಟಮ್ಸ್‌ನೋರಿಗೆ ವಿವರಿಸೋಕೆ ನಿಮ್ಗೇ ಕಷ್ಟ. ನಾನೀಗ ಮನೆಗೆ ತಂದು ಒಂದು ದಿನ ಬಿಟ್ಟು ದಪ್ಪ ಜಿಪ್ ಕವರಿಗೆ 250 ಗ್ರಾಂ ಲೆಕ್ಕದಲ್ಲಿ ತುಂಬಿ, ಒಳಗೆ ಏನೇನಿದೆ ಅಂತ ಇಂಗ್ಲಿಷಲ್ಲಿ ಬರ್ದು ಅಂಟಿಸಿ, ಎಲ್ಲಾ ಒಂದು ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿನ ಹಳೇ ಪಂಚೇಲಿ ಸುತ್ತಿ ಇಡ್ತೀನಿ.

ಲಗೇಜ್ ಅಂದ್ಮೇಲೆ ಇದೂ ಕೇಳ್ಕೊಂಡ್ಬಿಡಿ, ಇಡೀ ಕೊಬ್ಬರಿ ಗಿಟುಕು ಸೂಟ್‌ಕೇಸಲ್ಲಿ ಹಾಕ್ಬೇಡಿ. ಬೆಂಗಳೂರು ಏರ್‌ಪೋರ್ಟಲ್ಲಿ ನನ್ನ ಬ್ಯಾಗ್ ತೆಗೆಸಿ ಆರು ಗಿಟುಕು ಆಚೆ ಇಟ್ರು, ಎಣ್ಣೆ ಇರತ್ತೆ, ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳೋ ಸಾಮಾನು ಅಂತೆ. ಅತ್ಲಾಗೆ ಯುರೋಪಿನೋರು ತೆಂಗಿನಕಾಯಿಗೆ ಬಾ ಅಂತಾರೆ ಇತ್ಲಾಗೆ ನಮ್ಮೋರು ಕೊಬ್ಬರಿಗೆ ಹೋಗ್ಬೇಡ ಅಂತಾರೆ. ತುಪ್ಪನೂ ಅಷ್ಟೇ, ಹಾಲಿನ ಸಾಮಾನು ಹೊರಗಿಂದ ಯುರೋಪಿಗೆ ತರಂಗಿಲ್ಲ, ಅಲ್ಲೇ ಬೆಣ್ಣೆ ತಗೊಂಡು ಕಾಯಿಸ್ಕೊಳ್ಳಿ, ಅಲ್ಲಿನ ಬೆಣ್ಣೆ ಚೆನ್ನಾಗಿದೆ.

ರೇಟು ಏನೂ ಜಾಸ್ತಿ ಅಲ್ಲ. ಹುರ್ದು ಪುಡಿ ಮಾಡೋಕೆ ಈ ಸಲ ಕೆಜಿಗೆ 80 ರೂಪಾಯಿ ತಗೊಂಡ್ರು, ಬರೀ ಪುಡಿಗೆ 40. ಸಾಮಾನು ನಿಮ್ದೇ. ಮೈಸೂರು ಸಂತೇಪೇಟೆ ಕಡೆ ಸಾಮಾನು ತಗೊಂಡು ಅಲ್ಲೇ ಒಂದು ಕಡೆ ಹಾಕ್ಸಿದ್ದೆ ಒಂದು ವರ್ಷ, ಮಿಷನ್ ಹೊಸದು, ಕೆಲ್ಸ ಬೇಗ ಆಗತ್ತೆ, ಆದ್ರೆ ಆರಿಸಲ್ಲ, ಜರಡಿ ಹಿಡಿಯಲ್ಲ, ಮೇಲಾಗಿ ಮಿಷನಲ್ಲಿ ಇನ್ನೊಬ್ರ ಮಸಾಲೆ ಉಳಿದಿದ್ದೂ ನಮ್ದಕ್ಕೇ ಬಂತು. ಮಂಡ್ಯದೋರು ನಿಮ್ದು ಹಾಕೋಕೆ ಮುಂಚೆ ಒಂದು ಹಿಡಿ ಅಕ್ಕಿ ಬಿಟ್ಟು ಮಿಷನ್ ಹೊಟ್ಟೆ ತೊಳೀತಾರೆ, ಕೇಳೋದೇ ಬೇಡ.

ಐದಕ್ಕೆ ನಾಕು. ಪುಡಿಗೆ ಐದೂ ಕೊಡ್ಬಹುದಿತ್ತು, ಆ ಗಂಜಿ ದಿನ ಮಗಳು ನೋಡಿದ ನೋಟಕ್ಕೆ ಅರ್ಧ, ಸೀರೆಗೆ ಅರ್ಧ ಕಟ್. ಫೆಬ್ರವರಿ ಮೊದಲ್ನೇ ವಾರದೊಳಗೆ ಹೋದ್ರೆ ರಶ್ ಇರಲ್ಲ, ಆಮೇಲೆ ಹೋದ್ರೆ ಡಬ್ಬ ಸಾಲಲ್ಲಿಟ್ಟು ಮಾರ್ನೇ ದಿನ ಬರ್ಬೇಕಾಗತ್ತೆ. ಮಧ್ಯಾಹ್ನ ಕರೆಂಟ್ ಹೋಗೋ ದಿನ ಯಾವ್ದು ಅಂತ ಕೇಳ್ಕೊಂಡು ಹೋಗಿ. ಬಿಳಿ ಶರ್ಟ್ ಹಾಕ್ಕೊಂಡು ಮಾತ್ರ ಹೋಗ್ಬೇಡಿ.